ಓದುಗರ ಪ್ರಶ್ನೋತ್ತರ: ದಿನಬಳಕೆಯ ಆವಿಷ್ಕಾರಗಳ ಋಣ

ನಿತ್ಯ ಬಳಸುವ ಆವಿಷ್ಕಾರಗಳ ಬಗ್ಗೆ ಕೃತಜ್ಞತೆಯಿಂದ ಇರುವುದನ್ನು ಒಂದು ಅಭ್ಯಾಸವಾಗಿ ರೂಢಿಸಿಕೊಳ್ಳಬಹುದೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದಕ್ಕೆ ಸಾಕಷ್ಟು ಪತ್ರಗಳು ಬಂದಿವೆ. ಒಪ್ಪಿದವರಿಗಿಂತ ತಕರಾರು ತೆಗೆದವರೇ ಹೆಚ್ಚಾಗಿರುವುದರಿಂದ ಈ ಸಲದ ಪುಟಗಳನ್ನು ಅವರಿಗೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಧಾಟಿಯ ಪತ್ರಗಳನ್ನು ಸೇರಿಸಿ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಿಮ್ಮ ಅಂಕಣವನ್ನು ಓದಿದ ಮೇಲೆ, ದಿನವೂ ಮಲಗುವ ಮುನ್ನ ಅಂದು ಬಳಸಿದ ಹತ್ತು ವಸ್ತುಗಳ ಹೆಸರು ಬರೆದು ಅವುಗಳಿಗೆ ಕೃತಜ್ಞತೆ ಸಲ್ಲಿಸತೊಡಗಿದೆ. ಮೊದಮೊದಲು ಹಿತವೆನಿಸಿತು. ಈಗ ಅದು ತರಗತಿಯಲ್ಲಿ ಹಾಜರಿ ಕೂಗಿದಂತಾಗಿದೆ. ದೀಪ, ನಲ್ಲಿ, ಕನ್ನಡಕ ಎಂದು ಹೆಸರುಗಳನ್ನು ಬರೆದು ಮುಗಿಸುತ್ತೇನೆ, ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ದೋಷ ನನ್ನದೋ, ಅಭ್ಯಾಸದ್ದೋ?

ಉತ್ತರ: ದೋಷ ಪಟ್ಟಿಯದು. ಕೃತಜ್ಞತೆಯ ಪಟ್ಟಿ ಬರೆಯುವ ಪದ್ಧತಿಗೆ ಆಧಾರವಿಲ್ಲವೆಂದಲ್ಲ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ದೊರೆತ ಒಳಿತನ್ನು ವಾರಕ್ಕೊಮ್ಮೆ ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದ್ದರು. ಅದನ್ನೇ ಹಿಡಿದು ಚಿನ್ನದ ಬಣ್ಣದ ಅಂಚಿನ ಕೃತಜ್ಞತಾ ಪುಸ್ತಕಗಳು ಮಾರಾಟಕ್ಕೆ ಬಂದವು. ವಾರಕ್ಕೊಮ್ಮೆ ಎಂಬುದು ದಿನಕ್ಕೊಮ್ಮೆ ಆಯಿತು, ಹೆಚ್ಚೆಂದರೆ ಐದು ಸಾಲು ಎಂಬುದು ಹತ್ತು ಸಾಲಾಯಿತು. ಆದರೆ ಎಂಥ ಸುಖಕ್ಕೂ ಬೇಗನೆ ಒಗ್ಗಿಕೊಂಡು ಅದನ್ನು ಮರೆಯುವುದು ಮನಸ್ಸಿನ ಜಾಯಮಾನ. ಪಟ್ಟಿ ಬರೆಯುವ ಸುಖಕ್ಕೂ ಅದು ಒಗ್ಗಿಕೊಳ್ಳುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಹತ್ತು ಹೆಸರುಗಳನ್ನು ಬಿಡಿ. ವಾರಕ್ಕೆ ಒಂದೇ ವಸ್ತುವನ್ನು ತೆಗೆದುಕೊಂಡು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿ. ಬಹುಪಾಲು ನಾಲ್ಕನೆಯ ಸಾಲಿಗೆ ತಡವರಿಸುತ್ತೀರಿ. ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಆದದ್ದೂ ಇದೇ. ಜಿಪ್, ಬೀಗ, ಫ್ಲಶ್ ಇರುವ ಶೌಚಾಲಯ ಮುಂತಾದವು ಹೇಗೆ ಕೆಲಸ ಮಾಡುತ್ತವೆಂಬುದು ತಮಗೆ ಚೆನ್ನಾಗಿ ಗೊತ್ತೆಂದು ಭಾವಿಸಿದ್ದವರು, ಅದನ್ನು ಹಂತಹಂತವಾಗಿ ವಿವರಿಸಲು ಹೇಳಿದ ಮೇಲೆ, ತಮಗೆ ತಿಳಿದದ್ದು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆಯೆಂದು ತಾವೇ ಅಂಕ ಕೊಟ್ಟುಕೊಂಡರು. ನಾನು ನೋಡಿದ ಮಟ್ಟಿಗೆ ಕೃತಜ್ಞತೆ ಹುಟ್ಟುವುದು ಈ ತಡವರಿಕೆಯ ಜಾಗದಲ್ಲಿ. ನನಗೆ ಅರ್ಥವೂ ಆಗದ ಒಂದು ಕಷ್ಟವನ್ನು ನನ್ನ ಪರವಾಗಿ ಇನ್ನಾರೋ ಆಗಲೇ ಬಗೆಹರಿಸಿಟ್ಟಿದ್ದಾರೆ ಎಂಬುದು ಅಲ್ಲಿ ಮನವರಿಕೆಯಾಗುತ್ತದೆ.

ಶೌಚಾಲಯದಿಂದಲೇ ಆರಂಭಿಸಬಹುದು. ನೀರಿನ ತೊಟ್ಟಿಯ ಮುಚ್ಚಳವನ್ನು ತೆಗೆದು ಪಕ್ಕಕ್ಕಿಟ್ಟು ಒಮ್ಮೆ ಫ್ಲಶ್ ಮಾಡಿ. ನೀರು ಒಮ್ಮೆಲೇ ಕೆಳಗಿಳಿಯುತ್ತದೆ. ಅದರೊಡನೆ ತೇಲುಚೆಂಡೂ ಇಳಿಯುತ್ತದೆ. ಚೆಂಡಿಗೆ ಜೋಡಿಸಿದ ಸರಳು ವಾಲಿದಾಗ ನೀರಿನ ಕೊಳವೆಯ ಬಾಯಿ ತೆರೆದುಕೊಳ್ಳುತ್ತದೆ. ತೊಟ್ಟಿ ತುಂಬುತ್ತ ಬಂದಂತೆ ಅದೇ ಚೆಂಡು ಮೇಲೆದ್ದು ಅದೇ ಬಾಯಿಯನ್ನು ಮುಚ್ಚುತ್ತದೆ. ಇದಕ್ಕೆ ಕಾವಲು ಬೇಡ, ವಿದ್ಯುತ್ತೂ ಬೇಡ. ಇನ್ನು ಕೆಳಗೆ, ಬೇಕೆಂದೇ ಬಾಗಿಸಿದ ಕೊಳವೆಯೊಂದರಲ್ಲಿ ಪ್ರತಿ ಬಾರಿಯೂ ಒಂದಿಷ್ಟು ನೀರು ಹೊರಹೋಗದೆ ಉಳಿಯುತ್ತದೆ, ಚರಂಡಿಯ ದುರ್ವಾಸನೆ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ಉಳಿದ ನೀರೇ. ಇಂಥ ಬಾಗಿದ ಕೊಳವೆಯಿರುವ ಶೌಚಾಲಯಕ್ಕೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ವೃತ್ತಿಯಲ್ಲಿ ಗಡಿಯಾರ ತಯಾರಕರು. ಮುಂದೆ ಲಂಡನ್ನಿನಲ್ಲಿ ಇಂಥ ಶೌಚಾಲಯಗಳು ಹೆಚ್ಚಾದಂತೆ ಅವುಗಳ ಕೊಳಚೆಯೆಲ್ಲ ಥೇಮ್ಸ್ ನದಿಗೆ ಸೇರಿ, 1858ರ ಬೇಸಿಗೆಯಲ್ಲಿ ನದಿಯ ನಾತವನ್ನು ಪಾರ್ಲಿಮೆಂಟಿನ ಸದಸ್ಯರೂ ತಾಳಲಾರದೆ ಹೋದರು. ಜೋಸೆಫ್ ಬೆಜಲ್ಗೆಟ್ ಅವರ ನೇತೃತ್ವದಲ್ಲಿ ನಗರದಡಿಯ ಒಳಚರಂಡಿ ಜಾಲ ನಿರ್ಮಾಣವಾಗಲು ಆ ನಾತವೇ ಒತ್ತಾಯವಾಯಿತು. ಒಂದು ಜಾಣತನ ತಂದಿಟ್ಟ ತೊಂದರೆಯನ್ನು ಇನ್ನೊಂದು ಜಾಣತನ ಸರಿಪಡಿಸಿದ ಈ ಕಥೆ ತಿಳಿದ ಮೇಲೆ ಗುಂಡಿ ಒತ್ತಿದರೆ, ಹಾಜರಿ ಕೂಗಿದಂತೆ ಅನಿಸುವುದು ಕಷ್ಟ.

ಬರೆಯಲು ಆಗದ ವಾರ ಇನ್ನೊಂದು ಉಪಾಯವಿದೆ. ಆ ವಸ್ತು ಇಲ್ಲದಿದ್ದರೆ ಇಂದಿನ ದಿನ ಹೇಗಿರುತ್ತಿತ್ತು ಎಂದು ಬೆಳಗಿನಿಂದ ರಾತ್ರಿಯವರೆಗೆ ಕಲ್ಪಿಸಿಕೊಳ್ಳಿ. ಒಳಿತೊಂದು ಒದಗಿಬಂತೆಂದು ನೆನೆಯುವುದಕ್ಕಿಂತ, ಅದು ಒದಗದೇ ಹೋಗಬಹುದಿತ್ತೆಂದು ಯೋಚಿಸುವುದು ಮನಸ್ಸನ್ನು ಹೆಚ್ಚು ಹಗುರಗೊಳಿಸುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಪ್ರಶ್ನೆ: ವಿದ್ಯುತ್ ಬಿಲ್ಲನ್ನು ನಾನು ಕಟ್ಟುತ್ತೇನೆ, ಮೊಬೈಲಿಗೆ ಹಣ ಕೊಟ್ಟಿದ್ದೇನೆ, ಔಷಧಿಗೂ ಕೊಡುತ್ತೇನೆ. ಲಾಭಕ್ಕಾಗಿ ಮಾಡಿದ ಕೆಲಸಕ್ಕೆ ನಾನೇಕೆ ಕೃತಜ್ಞನಾಗಿರಬೇಕು? ಸಾಲ ತೀರಿದ ಮೇಲೂ ಸಲಾಮು ಹೊಡೆಯಬೇಕೆ?

ಉತ್ತರ: ಕಂಪನಿಗೆ ಸಲಾಮು ಹೊಡೆಯುವ ಅಗತ್ಯ ಖಂಡಿತ ಇಲ್ಲ. ಸರಕು ಕೆಟ್ಟಿದ್ದರೆ ಜಗಳವಾಡುವ ಹಕ್ಕೂ ನಿಮಗಿದೆ. ಆದರೆ ನೀವು ಸಾಲದ ಮಾತೆತ್ತಿದ್ದರಿಂದ ಲೆಕ್ಕವನ್ನೇ ನೋಡೋಣ. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರು ಬೆಳಕಿನ ಬೆಲೆಯನ್ನು ಹಣದಲ್ಲಿ ಅಳೆಯದೆ ದುಡಿಮೆಯ ಗಂಟೆಗಳಲ್ಲಿ ಅಳೆದರು. ಹಳೆಯ ಕಾಲದ ಸಾಧಾರಣ ವಿದ್ಯುತ್ ಬಲ್ಬೊಂದು ಸುಮಾರು ಒಂದು ಗಂಟೆ ಕೊಡುವಷ್ಟು ಬೆಳಕನ್ನು 1800ರ ಸುಮಾರಿಗೆ ಕೊಬ್ಬಿನ ಮೇಣದಬತ್ತಿಗಳಿಂದ ಪಡೆಯಬೇಕಾಗಿದ್ದರೆ ಕೂಲಿಕಾರನೊಬ್ಬ ಐದು ಗಂಟೆಗೂ ಹೆಚ್ಚು ದುಡಿಯಬೇಕಾಗಿತ್ತು. 1992ರ ದೀಪದಲ್ಲಿ ಅಷ್ಟೇ ಬೆಳಕಿಗೆ ಒಂದು ಸೆಕೆಂಡಿನ ದುಡಿಮೆಯೂ ಬೇಕಾಗಿರಲಿಲ್ಲ. ನೀವು ಕಟ್ಟುವ ಬಿಲ್ಲು ಆ ಸೆಕೆಂಡಿನ ಚೂರಿನದು. ಉಳಿದ ಐದು ಗಂಟೆಗಳನ್ನು ನಿಮಗೆ ಬಿಟ್ಟುಕೊಟ್ಟವರ ಹೆಸರು ಬಿಲ್ಲಿನಲ್ಲಿ ಇಲ್ಲ. ಅದೇ ನಾರ್ಡ್‌ಹೌಸ್ 2004ರಲ್ಲಿ ಅಮೆರಿಕದ ಆರ್ಥಿಕತೆಯ ಅಂಕಿಅಂಶಗಳನ್ನು ಪರಿಶೀಲಿಸಿ, ಹೊಸ ತಂತ್ರಜ್ಞಾನದಿಂದ ಸಮಾಜಕ್ಕಾಗುವ ಒಟ್ಟು ಲಾಭದಲ್ಲಿ ಅದನ್ನು ತಂದವರ ಕೈಗೆ ಸೇರುವುದು ಶೇ. 2.2ರಷ್ಟು ಮಾತ್ರವೆಂದು ಅಂದಾಜು ಮಾಡಿದರು. ಅಂದಾಜು ಸ್ವಲ್ಪ ಆಚೀಚೆ ಇದ್ದರೂ, ಬೆಲೆ ಕೊಟ್ಟಾಕ್ಷಣ ಲೆಕ್ಕ ಚುಕ್ತಾ ಆಯಿತೆನ್ನುವುದು ನಿಲ್ಲುವುದಿಲ್ಲ.

ಲಾಭ ಬೇಡವೆಂದವರೂ ಇದ್ದಾರೆ. ಮೂರು ಬಿಂದುಗಳಲ್ಲಿ ಬಿಗಿಯುವ ಸೀಟ್ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದಾಗ, ಅದರ ವಿನ್ಯಾಸವನ್ನು ಇತರ ಕಾರು ತಯಾರಕರೂ ಬಳಸಲು ಕಂಪನಿ ಅವಕಾಶ ಕೊಟ್ಟಿತು. ಇನ್ಸುಲಿನ್ ಕಂಡುಹಿಡಿದ ತಂಡದವರು 1923ರಲ್ಲಿ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅದೇ ಇನ್ಸುಲಿನ್ ಕೆಲವೆಡೆ ಬಡ ರೋಗಿಯ ಕೈಗೆಟುಕದ ಬೆಲೆಗೆ ಮಾರಾಟವಾಗುತ್ತಿರುವುದಕ್ಕೆ ಸಿಟ್ಟಾಗುವುದೂ, ಕಂಡುಹಿಡಿದವರನ್ನು ನೆನೆಯುವುದೂ ಒಂದೇ ಮನಸ್ಸಿನಲ್ಲಿ ಇರಬಹುದು. ಆ ತಂಡದ ಔದಾರ್ಯ ಗೊತ್ತಿದ್ದವರಿಗೆ ಸಿಟ್ಟು ಇನ್ನೂ ಹೆಚ್ಚೇ ಬರಬೇಕು.

ಪ್ರಶ್ನೆ: ಕೃತಜ್ಞತೆಯೆಂದರೆ ಒಬ್ಬರಿಗೆ ಸಲ್ಲಬೇಕಾದದ್ದು. ಕಂಡುಹಿಡಿದವರು ಎಂದೋ ತೀರಿಹೋಗಿದ್ದಾರೆ, ಎಷ್ಟೋ ಮಂದಿಯ ಹೆಸರೂ ಗೊತ್ತಿಲ್ಲ. ಯಾರಿಗೆಂದು ಸಲ್ಲಿಸುವುದು?

ಉತ್ತರ: ಹೆಸರು ಗೊತ್ತಿಲ್ಲದಿರುವುದು ನಿಜ. ಈ ಪುಟವನ್ನು ನಿಮ್ಮಲ್ಲಿ ಎಷ್ಟೋ ಜನ ಕನ್ನಡಕ ಹಾಕಿಕೊಂಡು ಓದುತ್ತಿದ್ದೀರಿ. 1306ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಪ್ರವಚನ ಮಾಡಿದ ಜೋರ್ಡಾನೊ ಎಂಬ ಕ್ರೈಸ್ತ ಸಂನ್ಯಾಸಿ, ಕನ್ನಡಕ ತಯಾರಿಸುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದೂ, ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿಸಿದ್ದೇನೆಂದೂ ಹೇಳಿದ್ದು ದಾಖಲಾಗಿದೆ. ಆದರೆ ಆ ವ್ಯಕ್ತಿಯ ಹೆಸರನ್ನು ಮಾತ್ರ ಹೇಳಲಿಲ್ಲ. ಕಣ್ಣು ಮಂಜಾದೊಡನೆ ಕೆಲಸ ಬಿಡಬೇಕಾಗಿದ್ದ ನೇಯ್ಗೆಯವರು, ಅಕ್ಕಸಾಲಿಗರು, ಲಿಪಿಕಾರರು ಆತನಿಂದಾಗಿ ಹಲವು ವರ್ಷ ಹೆಚ್ಚು ದುಡಿದರು.

ಹೆಸರುಗಳು ಗೊತ್ತಿರುವ ಕಡೆಯಲ್ಲಿ ಇನ್ನೊಂದು ಬಗೆಯ ತೊಡಕಿದೆ. ಅಲ್ಲಿ ಒಬ್ಬರೇ ಇರುವುದಿಲ್ಲ. ಭೇದಿಯಿಂದ ನಿತ್ರಾಣಗೊಂಡವರಿಗೆ ಕುಡಿಸುವ ಓಆರ್‌ಎಸ್ ದ್ರಾವಣವನ್ನೇ ನೋಡಿ. ಸಕ್ಕರೆಯ ಒಂದು ರೂಪವಾದ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಕರುಳಿನ ಗೋಡೆಯನ್ನು ಜೊತೆಜೊತೆಯಾಗಿ ದಾಟುತ್ತವೆ, ಅವುಗಳ ಹಿಂದೆ ನೀರೂ ದೇಹದೊಳಗೆ ಹೋಗುತ್ತದೆ, ಮತ್ತು ಕಾಲರಾ ಬಂದಾಗಲೂ ಈ ದಾರಿ ಮುಚ್ಚುವುದಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂಗಳ ಈ ಜೊತೆಯನ್ನು 1960ರಲ್ಲಿ ಮೊದಲು ವಿವರಿಸಿದವರು ರಾಬರ್ಟ್ ಕ್ರೇನ್. ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ ಕಾಲರಾ ರೋಗಿಗಳಿಗೆ ಇಂಥ ದ್ರಾವಣವನ್ನು ಕುಡಿಸಿ ಪಡೆದ ಫಲಿತಾಂಶವನ್ನು 1968ರಲ್ಲಿ ಪ್ರಕಟಿಸಿದರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ತೀರುತ್ತ ಬಂದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಸಂಬಂಧಿಕರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶಿಬಿರದಲ್ಲಿ ಶೇ. 30ರವರೆಗೆ ಏರಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಲ್ಲಿ ಯಾರನ್ನು ನೆನೆಯಬೇಕು? ಪ್ರಯೋಗಾಲಯದಲ್ಲಿ ಕರುಳಿನ ಗುಟ್ಟು ತಿಳಿದವರನ್ನೋ, ವಾರ್ಡಿನಲ್ಲಿ ಅದನ್ನು ಪರೀಕ್ಷಿಸಿದವರನ್ನೋ, ತರಬೇತಿಯಿಲ್ಲದವರ ಕೈಗೆ ಚಿಕಿತ್ಸೆಯನ್ನು ಒಪ್ಪಿಸುವ ಧೈರ್ಯ ತೋರಿದವರನ್ನೋ, ನಿದ್ದೆಗೆಟ್ಟು ಲೋಟಕ್ಕೆ ಲೋಟ ಕುಡಿಸಿದ ತಾಯಂದಿರನ್ನೋ? ನನ್ನನ್ನು ಕೇಳಿದರೆ ಕೊನೆಯವರನ್ನು ಬಿಟ್ಟ ಯಾವ ಪಟ್ಟಿಯೂ ಪೂರ್ಣವಲ್ಲ. ಆ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲ. ಸಲ್ಲಿಸಲು ವಿಳಾಸವೇ ಬೇಕೆಂದಾದರೆ, ಇಂದು ನಿಮ್ಮ ನೆರೆಯಲ್ಲಿ ಕಾಯಿಲೆ ಬಿದ್ದ ಮಗುವಿಗೆ ಆ ದ್ರಾವಣವನ್ನು ಸರಿಯಾದ ಅಳತೆಯಲ್ಲಿ ಕಲಸಿಕೊಡುವುದನ್ನು ಕಲಿತುಕೊಳ್ಳಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಡಿಮೆ ನೀರಿನ ದ್ರಾವಣ ಅಪಾಯಕಾರಿ.

ಪ್ರಶ್ನೆ: ನಾನು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯ ತಯಾರಿಸುವ ವಿಧಾನವನ್ನು ಕೊಟ್ಟ ಫ್ರಿಟ್ಜ್ ಹೇಬರ್ ಅವರೇ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಳಸುವ ಯೋಜನೆಯನ್ನೂ ಮುನ್ನಡೆಸಿದರು. ಅಂಥವರಿಗೆ ಕೃತಜ್ಞಳಾಗಿರುವುದೆಂದರೆ ವಿಷವನ್ನು ಕ್ಷಮಿಸಿದಂತಲ್ಲವೆ?

ಉತ್ತರ: ಬಂದ ಪತ್ರಗಳಲ್ಲಿ ಅತ್ಯಂತ ಕಠಿಣವಾದದ್ದು ನಿಮ್ಮದು. ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಸಾಧಿಸಿದ್ದನ್ನು ಕಾರ್ಲ್ ಬಾಷ್ ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು, 1913ರಲ್ಲಿ ಉತ್ಪಾದನೆ ಆರಂಭವಾಯಿತು. ಇಂದು ಜಗತ್ತಿನ ಸರಿಸುಮಾರು ಅರ್ಧದಷ್ಟು ಜನರ ಆಹಾರ ಈ ವಿಧಾನದಿಂದ ಬರುವ ಗೊಬ್ಬರವನ್ನು ಅವಲಂಬಿಸಿದೆ ಎಂಬ ಅಂದಾಜಿದೆ. ಏಪ್ರಿಲ್ 1915ರಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಾಗ ಅದರ ಮೇಲ್ವಿಚಾರಣೆ ನೋಡಿದವರೂ ಇದೇ ಹೇಬರ್. ಎರಡೂ ಒಬ್ಬರದೇ ಕೆಲಸ, ಒಂದು ಇನ್ನೊಂದನ್ನು ತೊಳೆಯುವುದಿಲ್ಲ. ಕೃತಜ್ಞತೆಯನ್ನು ನಡತೆಯ ಪ್ರಮಾಣಪತ್ರವೆಂದು ತಿಳಿದಾಗ ಮಾತ್ರ ನಿಮ್ಮ ಇಕ್ಕಟ್ಟು ಹುಟ್ಟುತ್ತದೆ. ಗೊಬ್ಬರದಿಂದ ಬೆಳೆದದ್ದನ್ನು ಉಂಡೆವು ಎಂದು ಒಪ್ಪುವುದು ಸತ್ಯವನ್ನು ಒಪ್ಪುವುದಷ್ಟೇ. ವ್ಯಕ್ತಿಪೂಜೆ ಅದರ ಭಾಗವಲ್ಲ.

ಇದರ ಜೊತೆಗೆ ನಾವು ಸಾಮಾನ್ಯವಾಗಿ ಮರೆಯುವ ಒಂದು ವರ್ಗದವರಿದ್ದಾರೆ. ಅವರು ಆವಿಷ್ಕಾರದಿಂದ ನೊಂದು, ಅದು ಸುಧಾರಿಸುವಂತೆ ಮಾಡಿದವರು. ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಂಡು ನೋಡಿ. ಪಕ್ಕದ ಒರಟು ಪಟ್ಟಿಯಲ್ಲಿ ಕೆಂಪು ರಂಜಕವೂ ಗಾಜಿನ ಪುಡಿಯೂ ಇರುತ್ತವೆ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಎರಡನ್ನೂ ಬೇರೆಬೇರೆ ಇಟ್ಟಿರುವುದರಿಂದಲೇ ಕಡ್ಡಿ ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಷ್ ಈ ಉಪಾಯವನ್ನು 1844ರಲ್ಲೇ ಹೂಡಿದ್ದರು. ಆದರೂ ಎಲ್ಲಿ ಗೀರಿದರೂ ಹೊತ್ತುವ, ಅಗ್ಗವಾದ, ಬಿಳಿ ರಂಜಕದ ಕಡ್ಡಿಗಳು ದಶಕಗಳ ಕಾಲ ಮಾರುಕಟ್ಟೆಯಲ್ಲಿ ಉಳಿದವು. ಅವುಗಳ ಹೊಗೆಯಲ್ಲಿ ದುಡಿದ ಕಾರ್ಮಿಕರ ದವಡೆಯ ಮೂಳೆ ಕೊಳೆತುಹೋಗುತ್ತಿತ್ತು. 1888ರ ಜುಲೈನಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯೊಂದರ ಸುಮಾರು 1400 ಹೆಂಗಸರು ಮತ್ತು ಹುಡುಗಿಯರು ಅನ್ಯಾಯದ ದಂಡ ಮತ್ತು ದುಸ್ಥಿತಿಯ ವಿರುದ್ಧ ಕೆಲಸ ನಿಲ್ಲಿಸಿ ಗೆದ್ದರು. ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬರ್ನ್ ನಗರದಲ್ಲಿ ಸಹಿ ಬಿದ್ದದ್ದು 1906ರಲ್ಲಿ. ನಾವಿಂದು ನಿಶ್ಚಿಂತೆಯಿಂದ ಗೀರುವ ಕಡ್ಡಿಯಲ್ಲಿ ಪಾಷ್ ಅವರ ಬುದ್ಧಿಯಷ್ಟೇ ಪಾಲು ಆ ಹುಡುಗಿಯರ ಹಟಕ್ಕೂ ಇದೆಯೆಂದು ನಾನು ತಿಳಿದಿದ್ದೇನೆ. ಹೇಬರ್ ಅವರ ಗೊಬ್ಬರ ಇಂದು ಕೆರೆ, ನದಿಗಳಿಗೆ ಹರಿದು ನೀರನ್ನು ಕೆಡಿಸುತ್ತಿದೆ. ರಸಾಯನಶಾಸ್ತ್ರ ಓದುತ್ತಿರುವ ನೀವು ಆ ಸಮಸ್ಯೆಯನ್ನು ಕೈಗೆತ್ತಿಕೊಂಡರೆ, ಕೃತಜ್ಞತೆಗೂ ತಿರಸ್ಕಾರಕ್ಕೂ ಅದರಲ್ಲಿ ಜಾಗವಿದೆ.

ಪ್ರಶ್ನೆ: ಇಂಟರ್‌ನೆಟ್ ಒಂದು ನಿಮಿಷ ನಿಧಾನವಾದರೆ ನನ್ನ ಮಕ್ಕಳು ಸಿಡಿಮಿಡಿಗೊಳ್ಳುತ್ತಾರೆ. 'ನಮ್ಮ ಕಾಲದಲ್ಲಿ' ಎಂದು ನಾನು ಶುರುಮಾಡಿದೊಡನೆ ಎದ್ದುಹೋಗುತ್ತಾರೆ. ಇವರಿಗೆ ಕೃತಜ್ಞತೆ ಕಲಿಸುವುದು ಹೇಗೆ?

ಉತ್ತರ: ಎದ್ದುಹೋದದ್ದಕ್ಕೆ ಅವರನ್ನು ದೂರಲಾರೆ. ತಾನು ಕಾಣದ ಕಷ್ಟಕ್ಕೆ ಋಣಿಯಾಗಿರು ಎಂದರೆ ಮಕ್ಕಳಿಗೆ ಅದು ಬೈಗುಳದಂತೆಯೇ ಕೇಳುತ್ತದೆ. ಅಲ್ಲದೆ ಸಿಡಿಮಿಡಿಯೇನೂ ಕೆಟ್ಟದ್ದಲ್ಲ, ಎಷ್ಟೋ ಆವಿಷ್ಕಾರಗಳು ಹುಟ್ಟಿದ್ದು ಇರುವುದರ ಬಗ್ಗೆ ಬೇಸತ್ತವರಿಂದ. ಕೆಟ್ಟುಹೋದ ಗಡಿಯಾರವನ್ನೋ ಕೈಬ್ಯಾಟರಿಯನ್ನೋ ಅವರ ಮುಂದಿಟ್ಟು ಬಿಚ್ಚಲು ಬಿಡಿ. ಗೋಡೆಯ ವಿದ್ಯುತ್ತಿಗೆ ಸಿಕ್ಕಿಸುವ ಉಪಕರಣಗಳು, ಅದರಲ್ಲೂ ಮೈಕ್ರೋವೇವ್ ಒಲೆ ಮತ್ತು ಹಳೆಯ ಟಿ.ವಿ. ಬೇಡವೇ ಬೇಡ, ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಬಿಚ್ಚಿದ್ದನ್ನು ಮತ್ತೆ ಜೋಡಿಸಲಾಗದೆ ಕೊನೆಗೆ ಕೈಯಲ್ಲಿ ಒಂದು ಸ್ಕ್ರೂ ಉಳಿದಾಗ ನೀವು ಏನನ್ನೂ ಹೇಳಬೇಡಿ.

ಪ್ರಶ್ನೆ: ನಾನು ಕುಡಿಯುವ ನೀರಿನ ಶುದ್ಧೀಕರಣ ಘಟಕವೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಕಂಡುಹಿಡಿದವರನ್ನು ಹೊಗಳುವ ಲೇಖನಗಳನ್ನು ಓದುತ್ತಿರುತ್ತೇನೆ. ನೀರು ನಿಂತ ದಿನ ಬೈಯಲು ಮಾತ್ರ ಜನರಿಗೆ ನಮ್ಮ ನೆನಪಾಗುತ್ತದೆ. ನಮ್ಮ ಕೆಲಸಕ್ಕೆ ನಿಮ್ಮ ಕೃತಜ್ಞತೆಯಲ್ಲಿ ಜಾಗ ಎಲ್ಲಿ?

ಉತ್ತರ: ನಿಮ್ಮ ಪತ್ರವನ್ನು ಕೊನೆಗಿಟ್ಟದ್ದು ಅದಕ್ಕೆ ಹೆಚ್ಚು ಜಾಗ ಸಿಗಲೆಂದು. ಅಮೆರಿಕದ ಜೆರ್ಸಿ ಸಿಟಿಯಲ್ಲಿ ವೈದ್ಯ ಜಾನ್ ಲೀಲ್ 1908ರಲ್ಲಿ ನಗರದ ನೀರಿಗೆ ಕ್ಲೋರಿನ್ ಸೇರಿಸುವ ಏರ್ಪಾಡನ್ನು ಮಾಡಿದರು. ನೀರಿಗೆ ವಿಷ ಬೆರೆಸಿದ್ದಾರೆಂಬ ಭಯದ ನಡುವೆ ಅದನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳಬೇಕಾಯಿತು. ಮುಂದೆ ಊರೂರುಗಳು ಅದನ್ನೇ ಅನುಸರಿಸಿದಂತೆ ನೀರಿನಿಂದ ಹರಡುವ ಟೈಫಾಯ್ಡ್ ಇಳಿಯತೊಡಗಿತು. ಆದರೆ ಲೀಲ್ ಅದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕಾಗಿತ್ತು, ನೀವು ಪ್ರತಿ ಪಾಳಿಯಲ್ಲೂ ಮಾಡಬೇಕು. ಕೆಸರು ತಳಕ್ಕಿಳಿಯುವಂತೆ ಪಟಿಕ ಹಾಕುವುದು, ಮರಳಿನ ಪದರಗಳನ್ನು ಹಿಮ್ಮುಖವಾಗಿ ನೀರು ಹರಿಸಿ ತೊಳೆಯುವುದು, ಕೊನೆಯ ಮನೆಯ ನಲ್ಲಿಯವರೆಗೂ ಅಲ್ಪ ಕ್ಲೋರಿನ್ ಉಳಿಯುವಂತೆ ಅಳೆದು ಬಿಡುವುದು, ಗಾಜಿನ ನಳಿಕೆಯಲ್ಲಿ ನೀರಿನ ಮಾದರಿಗೆ ಬಂದ ಬಣ್ಣವನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಿ ಪುಸ್ತಕದಲ್ಲಿ ಬರೆಯುವುದು, ಇವುಗಳಲ್ಲಿ ಒಂದು ತಪ್ಪಿದರೂ 1908ರ ಜಾಣತನ ಅಂದಿನ ಮಟ್ಟಿಗೆ ಇಲ್ಲವಾದಂತೆಯೇ. ಕೆಲಸ ಸರಿಯಾಗಿ ನಡೆದಷ್ಟೂ ಕಣ್ಣಿಗೆ ಬೀಳದಿರುವುದು ನಿಮ್ಮ ವೃತ್ತಿಯ ದೌರ್ಭಾಗ್ಯ. ಈ ಅಂಕಣವೂ ಸೇರಿದಂತೆ ಬರೆಯುವವರೆಲ್ಲ ಹುಟ್ಟಿನ ಕಥೆಯನ್ನು ಹೇಳಲು ಹಾತೊರೆಯುತ್ತೇವೆ, ಪಾಲನೆಯ ಕಥೆಯಲ್ಲಿ ರೋಚಕತೆ ಸಾಲದು.

ಉಳಿದ ಓದುಗರಿಗೆ ಹೇಳುವುದಿಷ್ಟು. ಎಣ್ಣೆ, ಬಣ್ಣ, ಹಳೆಯ ಔಷಧಿಗಳನ್ನು ಚರಂಡಿಗೆ ಸುರಿಯದಿರುವುದು, ರಸ್ತೆಯಲ್ಲಿ ಕೊಳವೆ ಸೋರುತ್ತಿರುವುದು ಕಂಡರೆ ಅಂದೇ ತಿಳಿಸುವುದು, ದುರಸ್ತಿಗೆ ಬಂದವರನ್ನು ಬಿಸಿಲಿನಲ್ಲಿ ಕಾಯಿಸದಿರುವುದು ಕೃತಜ್ಞತೆಯ ಅಭ್ಯಾಸಕ್ಕೇ ಸೇರಿದವು. ಇನ್ನೂ ಒಂದು ಹೆಜ್ಜೆ ಹೋಗಲು ಮನಸ್ಸಿದ್ದವರು, ದೂರು ಕೊಡುವ ಕಚೇರಿಗೇ ಕೆಲಸ ಸರಿಯಾದ ಮೇಲೂ ಒಂದು ಪತ್ರ ಬರೆಯಬಹುದು. ಅದರಲ್ಲಿ ಹೊಗಳಿಕೆಯ ಮಾತುಗಳು ಬೇಡ. ಯಾವ ದಿನ, ಯಾವ ಜಾಗದಲ್ಲಿ, ಯಾರು ಬಂದು, ಎಷ್ಟು ಹೊತ್ತಿನಲ್ಲಿ ಕೆಲಸ ಮುಗಿಸಿದರು ಎಂಬ ಮೂರು ಸಾಲು ಸಾಕು. ಬಡ್ತಿಯ ಸಮಯದಲ್ಲಿ ಕಡತ ತೆರೆದ ಮೇಲಧಿಕಾರಿಗೆ ಉಪಯೋಗಕ್ಕೆ ಬರುವುದು ಅಂಥ ಸಾಲುಗಳೇ.